‘ಕೂತ್ಕೋ ಅಮ್ಮ’ ಅನ್ನೋದನ್ನು ಮೊದಲು ನಿಲ್ಲಿಸಿ

ಅಪ್ಪ ಹೋದ ಮೇಲೆ ಅಮ್ಮನನ್ನು ತಿಪಟೂರಿನಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆ. ಅಲ್ಲಿ ಬೆಳಗ್ಗೆ ಐದೂವರೆಗೆ ಎದ್ದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು, ಹಿತ್ತಲಲ್ಲಿ ಬಿದ್ದ ಸೋಗೆ ಎಳೆದು ಒಟ್ಟಿ, ಹೂವು ಕಿತ್ತುಕೊಂಡು ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದ ಹೆಂಗಸು. ಇಲ್ಲಿ ಮೂರನೇ ಮಹಡಿ, ಲಿಫ್ಟು, ಕಸಮುಸುರೆಗೆ ಬರುವವರಿದ್ದಾರೆ, ಮೆತ್ತನೆಯ ಸೋಫಾ ಇದೆ. ಜೀವಮಾನವೆಲ್ಲ ದುಡಿದಿದ್ದಾಳೆ, ಇನ್ನಾದರೂ ಆರಾಮಾಗಿರಲಿ ಅಂತ ನನ್ನ ಆಸೆ. ಲೋಟ ತರಲು ಎದ್ದರೂ "ಕೂತ್ಕೋ ಅಮ್ಮ, ನಾನು ತರ್ತೀನಿ" ಅನ್ನುತ್ತಿದ್ದೆ.

ಎಂಟು ತಿಂಗಳಾದ ಮೇಲೆ ಒಂದು ಸಂಜೆ ನೋಡುತ್ತೇನೆ, ಅಮ್ಮ ಸೋಫಾದಿಂದ ಏಳಲು ಒದ್ದಾಡುತ್ತಿದ್ದಾಳೆ. ಎರಡೂ ಕೈ ಪಕ್ಕಕ್ಕೆ ಊರಿ, ಮುಂದಕ್ಕೂ ಹಿಂದಕ್ಕೂ ತೂಗಿ, "ಒಂದು, ಎರಡು, ರಾಮಾ" ಅಂದು ಮೂರನೇ ಸಲಕ್ಕೆ ಎದ್ದಳು. ಎದ್ದವಳು ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಹೆಜ್ಜೆ ಇಟ್ಟಳು. ಮಂಡಿನೋವಿರಬೇಕು ಅಂದುಕೊಂಡು ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಆಕೆ ಮಂಡಿ ಮಡಿಸಿ ನೋಡಿ, ತೊಡೆ ಹಿಡಿದು ನೋಡಿ, ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. "ಮನೇಲಿ ಇವರಿಗೆ ಏನು ಕೆಲಸ ಇದೆ?"

ಏನೂ ಇರಲಿಲ್ಲ. ನಾನೇ ಇಲ್ಲದಂತೆ ಮಾಡಿದ್ದೆ.

ಮಂಡಿ ಸವೆದದ್ದು ಸ್ವಲ್ಪ, ತೊಡೆಯ ಶಕ್ತಿ ಹೋದದ್ದು ಜಾಸ್ತಿ. ವಯಸ್ಸಾದವರ ಸ್ನಾಯು ಎಷ್ಟು ಬೇಗ ಕರಗುತ್ತದೆ ಅನ್ನುವುದು ನಮಗೆ ಗೊತ್ತೇ ಇರುವುದಿಲ್ಲ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷೆ ಮಾಡಿದ್ದರು, 2007ರಲ್ಲಿ ಅದರ ವಿವರ ಬಂತು. ಹತ್ತೇ ದಿನದಲ್ಲಿ ಕಾಲುಗಳಿಂದ ಹೆಚ್ಚುಕಡಿಮೆ 1 ಕೆ.ಜಿ. ಸ್ನಾಯು ಹೋಗಿತ್ತು. ಕಾಯಿಲೆ ಏನೂ ಇಲ್ಲದವರಿಗೇ ಹೀಗೆ. ಇದರ ಇನ್ನೊಂದು ಮುಖವೂ ಇದೆ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಶಕ್ತಿ ಸರಾಸರಿ 174 ಪ್ರತಿಶತ ಹೆಚ್ಚಿತು. ತೊಂಬತ್ತಕ್ಕೆ ಆಗುವುದಾದರೆ ನಮ್ಮಮ್ಮನ ಎಪ್ಪತ್ಮೂರಕ್ಕೆ ಯಾಕಾಗಬಾರದು ಅಂತ ಶುರು ಮಾಡಿದೆವು. ನಾವು ಮಾಡಿದ್ದು, ಮಾಡಿ ಕೆಟ್ಟದ್ದು, ಎರಡನ್ನೂ ಬರೆಯುತ್ತಿದ್ದೇನೆ.

ಮೊದಲು ಒಂದು ಕುರ್ಚಿ ತನ್ನಿ

ವಾಕಿಂಗ್ ಶೂ ಆಮೇಲೆ ಕೊಳ್ಳಬಹುದು. ಊಟದ ಮೇಜಿನ ಹತ್ತಿರ ಇರುತ್ತದಲ್ಲ, ಅಂಥ ಗಟ್ಟಿ ಕುರ್ಚಿ ಸಾಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಹಿಂಭಾಗ ಗೋಡೆಗೆ ಒತ್ತಿ ಇಡಿ. ಅಮ್ಮನನ್ನೋ ಅಪ್ಪನನ್ನೋ ಅದರ ಮಧ್ಯಕ್ಕೆ ಕೂರಿಸಿ, ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಲು ಹೇಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕೂರುತ್ತಾರೆ, ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ, ಫೋನು ಹಿಡಿದು ದೂರದಿಂದ ವಿಡಿಯೋ ಮಾಡುತ್ತಾ ಕೂರಬೇಡಿ. ಕೈ ಊರಿದರೆ ಮಾತ್ರ ಏಳಲು ಆಗುತ್ತದೆ ಅಂದರೆ ಲೆಕ್ಕ ಸೊನ್ನೆ.

ಇದು ಡಾಕ್ಟರುಗಳು ಬಳಸುವ ಪರೀಕ್ಷೆಯೇ. 65ರಿಂದ 69ರ ವಯಸ್ಸಿಗೆ ಗಂಡಸರು 12, ಹೆಂಗಸರು 11 ಸಲವಾದರೂ ಏಳಬೇಕು. 70ರಿಂದ 74ಕ್ಕೆ 12 ಮತ್ತು 10. 80 ದಾಟಿದವರಿಗೆ, 84ರ ತನಕ, 10 ಮತ್ತು 9. ಅದಕ್ಕಿಂತ ಕಡಿಮೆ ಬಂದರೆ ಬೀಳುವ ಭಯ ಜಾಸ್ತಿ ಅಂತ ಅರ್ಥ. ಅಮ್ಮ ಮೊದಲ ದಿನ ಎದ್ದದ್ದು 6 ಸಲ. ಆರನೆಯದರಲ್ಲಿ ತುಟಿ ಕಚ್ಚಿಕೊಂಡಿದ್ದಳು.

ಇನ್ನೊಂದಿದೆ. ಕುರ್ಚಿಯಿಂದ 3 ಮೀಟರ್ ದೂರಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. ಎದ್ದು, ಮಾಮೂಲಿ ನಡಿಗೆಯಲ್ಲಿ ಗೆರೆ ತನಕ ಹೋಗಿ, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಅದೂ ಎಚ್ಚರಿಕೆಯೇ. ಈ ಎರಡೂ ಸಂಖ್ಯೆಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ನೋಡಿದರೆ ಸಾಕು, ದಿನಾ ಪರೀಕ್ಷೆ ಮಾಡಿ ಅವರ ತಲೆ ತಿನ್ನಬೇಡಿ.

ಪರೀಕ್ಷೆಯೇ ವ್ಯಾಯಾಮ ಕೂಡ. ಕುರ್ಚಿಯ ಅಂಚಿಗೆ ಬಂದು, ಪಾದಗಳನ್ನು ಸ್ವಲ್ಪ ಒಳಗೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಬಹಳ ಜನ ಮುಂದೆ ಬಾಗುವುದೇ ಇಲ್ಲ, ಅದಕ್ಕೇ ಏಳಲು ಆಗುವುದಿಲ್ಲ. ಉಸಿರು ಬಿಡುತ್ತಾ ಏಳಲಿ, ಬಿಗಿ ಹಿಡಿಯಬಾರದು. ಕೂರುವಾಗ ಧೊಪ್ ಅಂತ ಬೀಳಬಾರದು, ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಬೇಕು. ಅಸಲು ಕೆಲಸ ಆಗುವುದು ಆ ಇಳಿಯುವುದರಲ್ಲೇ. ತೀರಾ ಕಷ್ಟವಾದರೆ ಕುರ್ಚಿಯ ಮೇಲೆ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿ. ಶಕ್ತಿ ಬಂದ ಹಾಗೆ ಒಂದೊಂದೇ ಮಡಿಕೆ ಕಡಿಮೆ ಮಾಡುತ್ತಾ ಬನ್ನಿ. ನಾವು ಎರಡು ಕಂಬಳಿಯಿಂದ ಶುರು ಮಾಡಿದ್ದು.

ಒಂದು ಸಲಕ್ಕೆ ಐದು, ದಿನಕ್ಕೆ ಮೂರು ಸಲ. ಅದಕ್ಕೆ ಬೇರೆ ಹೊತ್ತು ಅಂತ ಇಡಲು ಹೋಗಿ ನಾನು ಎರಡು ವಾರ ಸೋತೆ. "ಆಮೇಲೆ ಮಾಡ್ತೀನಿ ಬಿಡೋ" ಅನ್ನುವುದೇ ಆಗುತ್ತಿತ್ತು. ಆಮೇಲೆ ಬೆಳಗಿನ ಕಾಫಿಗೆ ಮುಂಚೆ ಐದು, ಸಂಜೆ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಐದೈದು ಅಂತ ಗಂಟು ಹಾಕಿದೆ. ಈಗ ಜಾಹೀರಾತಿನ ಸದ್ದು ಬಂದರೆ ಅವಳೇ ಅಂಚಿಗೆ ಸರಿಯುತ್ತಾಳೆ.

ಹಾಲು ಉಕ್ಕುವ ತನಕ

ಅಡುಗೆಮನೆ ಕಟ್ಟೆಗಿಂತ ಒಳ್ಳೆಯ ಜಿಮ್ ಇಲ್ಲ. ಸೊಂಟದ ಎತ್ತರಕ್ಕಿದೆ, ಅಲ್ಲಾಡುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು, ಒಲೆಯಿಂದ ಸ್ವಲ್ಪ ಆಚೆಗೆ ಕಟ್ಟೆ ಹಿಡಿದು ನಿಂತು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ನಿಧಾನಕ್ಕೆ ಇಳಿಯುವುದು. ಹಾಲು ಉಕ್ಕುವಷ್ಟರಲ್ಲಿ ಇಪ್ಪತ್ತು ಆರಾಮಾಗಿ ಆಗುತ್ತದೆ. ಆಮೇಲೆ ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು, ಹತ್ತತ್ತು ಸಲ. ಇದು ಸೊಂಟದ ಪಕ್ಕದ ಸ್ನಾಯುವಿಗೆ. ಅದು ಸೋತಾಗಲೇ ನಡೆಯುವಾಗ ಆ ಕಡೆ ಈ ಕಡೆ ವಾಲುವುದು.

ಸಮತೋಲಕ್ಕೆ ಒಂದು: ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ, ಹಗ್ಗದ ಮೇಲೆ ನಿಂತ ಹಾಗೆ ನಿಲ್ಲುವುದು. ಮೊದಲು ಎರಡು ಕೈ ಕಟ್ಟೆಯ ಮೇಲೆ, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ಏನೂ ಹಿಡಿಯದೆ 10 ಸೆಕೆಂಡ್ ನಿಲ್ಲಲು ಆಗದಿದ್ದರೆ ಬೀಳುವ ಅಪಾಯ ಇದೆ ಅಂತಲೇ ತಿಳಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲೂ 65 ದಾಟಿದವರಿಗೆ ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆಯ ಜೊತೆ, ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಕ್ಕೆ, ಮೂರು ದಿನ ಸಮತೋಲಕ್ಕೆ ಅಂತ ಬೇರೆಯಾಗಿಯೇ ಹೇಳಿದ್ದಾರೆ. ನಮ್ಮಲ್ಲಿ ಎಲ್ಲರೂ ವಾಕಿಂಗ್ ಒಂದನ್ನೇ ಹಿಡಿದುಕೊಂಡಿದ್ದೇವೆ.

ನೋವಿನ ವಿಷಯ. ಶುರುವಿನಲ್ಲಿ ತೊಡೆ ಎರಡು ದಿನ ನೋಯುವುದು ಸಹಜ, ಹೊಸದಾಗಿ ಹೊಲದ ಕೆಲಸಕ್ಕೆ ಹೋದವರಿಗೆ ಮೈಕೈ ನೋಯುವುದಿಲ್ಲವೇ, ಹಾಗೆ. ಆದರೆ ಕೀಲಿನೊಳಗೆ ಚುಚ್ಚಿದಂತಾದರೆ, ಮಂಡಿ ಊದಿಕೊಂಡರೆ, ಮಾರನೇ ದಿನವೂ ಕೀಲಿನ ನೋವು ಇಳಿಯದಿದ್ದರೆ ವ್ಯಾಯಾಮ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸುವುದು ಬೇಡ. "ಮಂಡಿ ಸವೆದಿದೆ, ಇನ್ನು ಅಲ್ಲಾಡಿಸಬಾರದು" ಅನ್ನುವುದು ನಮ್ಮ ಮನೆಗಳಲ್ಲಿ ವೇದವಾಕ್ಯದ ಹಾಗೆ. ಅದು ತಪ್ಪು. ಮಂಡಿ ಸವೆತಕ್ಕೆ ಮೊದಲು ಹೇಳುವ ಚಿಕಿತ್ಸೆಯೇ ವ್ಯಾಯಾಮ, ತೊಡೆ ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಕಡಿಮೆ.

ಹತ್ತು ಸಾವಿರ ಹೆಜ್ಜೆಯ ಹುಚ್ಚು ಬಿಡಿ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕು ಅನ್ನುತ್ತಾರಲ್ಲ, ಆ ಸಂಖ್ಯೆ ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು, ‘ಹತ್ತು ಸಾವಿರ ಹೆಜ್ಜೆಯ ಮೀಟರ್’ ಅಂತ. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ 60 ದಾಟಿದವರಿಗೆ ದಿನಕ್ಕೆ 6ರಿಂದ 8 ಸಾವಿರದ ಹೊತ್ತಿಗೇ ಬರಬೇಕಾದ ಲಾಭ ಬಹುಪಾಲು ಬಂದುಬಿಡುತ್ತದೆ ಅಂತ ಕಂಡಿತು. ನಿಮ್ಮ ತಂದೆ ಈಗ ನಡೆಯುವುದು ಒಂದೂವರೆ ಸಾವಿರ ಹೆಜ್ಜೆಯಾದರೆ ಎರಡು ಸಾವಿರಕ್ಕೆ ತನ್ನಿ, ಅಷ್ಟೇ. ಹತ್ತು ನಿಮಿಷದ ಮೂರು ನಡಿಗೆ ಅಂದರೂ ಅರ್ಧ ಗಂಟೆಯೇ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ಅದೇ ಅಳತೆ.

ಎಲ್ಲಿ ನಡೆಯುವುದು ಅನ್ನುವುದು ಬೆಂಗಳೂರಿನಲ್ಲಿ ದೊಡ್ಡ ಪ್ರಶ್ನೆ. ಫುಟ್‌ಪಾತಿನ ಚಪ್ಪಡಿ ಒಂದು ಮೇಲೆ, ಒಂದು ಕೆಳಗೆ, ನಡುವೆ ಬೈಕು. ಲಾಲ್‌ಬಾಗ್ ಹತ್ತಿರ ಇರುವವರು ಪುಣ್ಯವಂತರು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ನೆರಳೂ ಇದೆ. ಉಳಿದವರು ತಾರಸಿ, ಅಪಾರ್ಟ್‌ಮೆಂಟಿನ ಒಳಗಿನ ದಾರಿ, ದೇವಸ್ಥಾನದ ಪ್ರಾಕಾರ ನೋಡಿಕೊಳ್ಳಿ. ಪ್ರದಕ್ಷಿಣೆಯನ್ನು ಯಾರೂ ವ್ಯಾಯಾಮ ಅನ್ನುವುದಿಲ್ಲ, ಅದೇ ಅದರ ಗುಣ. ಹವಾಯಿ ಚಪ್ಪಲಿ ಮಾತ್ರ ಬೇಡವೇ ಬೇಡ. ಶೂ ಹಾಕಲು ನಾಚಿಕೆ ಅಂದರೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಕೊಡಿಸಿ. ನೈಟಿ ಕಾಲಿಗೆ ಸಿಕ್ಕುವಷ್ಟು ಉದ್ದ ಇದ್ದರೆ ಎರಡು ಇಂಚು ಮಡಿಸಿ ಹೊಲಿಸಿ.

ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ದೂರ ಹೋಗಬಾರದು. ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತೋ ಸಕ್ಕರೆ ಪೊಟ್ಟಣವೋ ಇರಲಿ. ಕೈ ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂತು ತಿನ್ನಬೇಕು. ಸಕ್ಕರೆ ಪೊಟ್ಟಣ ಬಿಸ್ಕತ್ತಿಗಿಂತ ಬೇಗ ಕೆಲಸ ಮಾಡುತ್ತದೆ. ಎದೆ ಬಿಗಿತ, ಎಡಗೈ ಅಥವಾ ದವಡೆ ಸೆಳೆತ, ತಣ್ಣನೆ ಬೆವರು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು ಇದ್ದರೆ ಮನೆಗೆ ಬಂದು ಸೋಡಾ ಕುಡಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಹೃದಯದ ತೊಂದರೆ, ಸ್ಟ್ರೋಕ್, ಇತ್ತೀಚಿನ ಆಪರೇಷನ್ ಆಗಿರುವವರು ಶುರು ಮಾಡುವ ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಬೇಕು.

ವ್ಯಾಯಾಮ ಅನ್ನಬೇಡಿ, ಕೆಲಸ ಹೇಳಿ

ನಮ್ಮ ಮಾವನವರದು ಬೇರೆ ಕಥೆ. ಎಪ್ಪತ್ತೆಂಟು ವರ್ಷ, ಮೇಷ್ಟ್ರಾಗಿದ್ದವರು. "ಮಾವ, ದಿನಾ ಹತ್ತು ಸಲ ಎದ್ದು ಕೂತು ಮಾಡಿ" ಅಂದರೆ "ನಾನೇನು ಬಸ್ಕಿ ಹೊಡೆಯೋ ಹುಡುಗನೇನ್ರೀ?" ಅಂದರು. ಜೀವನವಿಡೀ ಮಕ್ಕಳಿಗೆ ಬಸ್ಕಿ ಹೊಡೆಸಿದವರು, ಅವರ ಕಷ್ಟ ಅರ್ಥ ಆಗುತ್ತದೆ. ನನ್ನ ಹೆಂಡತಿ ಜಾಣೆ. ಮನೆಗೆ ಪೇಪರ್ ಹಾಕಿಸುವುದನ್ನೇ ನಿಲ್ಲಿಸಿಬಿಟ್ಟಳು. "ಅಪ್ಪ, ಹುಡುಗ ಸರಿಯಾಗಿ ಬರ್ತಿಲ್ಲ, ಹಾಲು ತರುವಾಗ ಪೇಪರೂ ತಂದುಬಿಡಿ" ಅಂದಳು. ನಂದಿನಿ ಬೂತಿಗೆ ಹೋಗಿ ಬರುವುದು ಹದಿನೈದು ನಿಮಿಷದ ದಾರಿ. ಅವರಿಗೆ ಮುಕ್ಕಾಲು ಗಂಟೆ ಬೇಕು, ಯಾಕೆಂದರೆ ಬೂತಿನ ಪಕ್ಕದ ಕಟ್ಟೆಯ ಮೇಲೆ ನಾಲ್ಕು ಜನ ನಿವೃತ್ತರು ಸಿಗುತ್ತಾರೆ. ಇರಲಿ. ಆ ಹರಟೆ ಇಲ್ಲದಿದ್ದರೆ ಅವರು ಹೋಗುತ್ತಲೇ ಇರಲಿಲ್ಲ.

ಅಮ್ಮನಿಗೂ ಕೆಲಸ ವಾಪಸ್ ಕೊಟ್ಟೆವು. ಸೊಪ್ಪಿನ ಗಾಡಿ ಬಂದಾಗ ಕೆಳಗೆ ಇಳಿದು ಚೌಕಾಸಿ ಮಾಡುವುದು ಅವಳದು. ಬಾಲ್ಕನಿಯ ಕುಂಡಗಳಿಗೆ ನೀರು ಅವಳದು, ಅರ್ಧ ಬಕೆಟ್ ತುಂಬಿ ಎರಡು ಸಲ ಹೋಗುತ್ತಾಳೆ. ಬಾಗಿಲ ಮುಂದೆ ಒಂದಡಿ ಜಾಗದಲ್ಲಿ ರಂಗೋಲಿ. ಒಗೆದ ಬಟ್ಟೆ ಹರವುವುದು, ತೆಗೆಯುವುದು, ಮಡಿಸುವುದು. ಒಂದು ವಿಷಯಕ್ಕೆ ನಾನು ತಯಾರಿರಲಿಲ್ಲ, ಅದು ನಿಧಾನ. ನಾನು ಐದು ನಿಮಿಷದಲ್ಲಿ ಹರವುವ ಬಟ್ಟೆಗೆ ಅವಳಿಗೆ ಹದಿನೈದು ನಿಮಿಷ ಹಿಡಿಯುತ್ತಿತ್ತು, ನೋಡುತ್ತಾ ನಿಲ್ಲಲು ಆಗದೆ ನನ್ನ ಕೈ ತಾನಾಗೇ ಬಕೆಟ್ಟಿಗೆ ಹೋಗುತ್ತಿತ್ತು. ಈಗ ಅವಳು ಬಟ್ಟೆ ಹರವುವಾಗ ನಾನು ಬೇರೆ ರೂಮಿಗೆ ಹೋಗುತ್ತೇನೆ. ಎತ್ತರದ ಸ್ಟೂಲ್ ಹತ್ತುವುದು, ತುಂಬಿದ ಗ್ಯಾಸ್ ಸಿಲಿಂಡರ್ ಎಳೆಯುವುದು, ಇವು ಮಾತ್ರ ಮುಚ್ಚುಮರೆ ಇಲ್ಲದೆ ಬೇಡ ಅಂದಿದ್ದೇವೆ.

ನೆಲದ ಮೇಲೆ ಕೂರುವ ಅಭ್ಯಾಸ ಇನ್ನೂ ಉಳಿದಿದ್ದರೆ ಬಿಡಿಸಬೇಡಿ. ಹೂವು ಕಟ್ಟಲು, ಕಾಳು ಬಿಡಿಸಲು ಚಾಪೆ ಹಾಸಿಕೊಡಿ. ಏಳುವ ಕ್ರಮ ಹೇಳಿಕೊಡಿ: ಒಂದು ಪಕ್ಕಕ್ಕೆ ಹೊರಳಿ, ಅಂಬೆಗಾಲಿನ ಭಂಗಿಗೆ ಬಂದು, ಹತ್ತಿರದ ಗಟ್ಟಿ ಕುರ್ಚಿಯ ಮೇಲೆ ಎರಡೂ ಕೈ ಇಟ್ಟು, ಗಟ್ಟಿ ಇರುವ ಕಾಲನ್ನು ಮುಂದೆ ಊರಿ ಎದ್ದೇಳುವುದು. ಅಪ್ಪಿತಪ್ಪಿ ಬಿದ್ದಾಗಲೂ ಹೀಗೇ ಏಳಬೇಕು. ಮಂಡಿ, ಸೊಂಟದ ಕೀಲು ಬದಲಿಸಿಕೊಂಡವರು ಮಾತ್ರ ತಮ್ಮ ಡಾಕ್ಟರನ್ನು ಕೇಳದೆ ನೆಲಕ್ಕೆ ಇಳಿಯಬಾರದು.

ಬಚ್ಚಲಿನ ವಿಷಯ ಚುಟುಕಾಗಿ ಹೇಳುತ್ತೇನೆ. ಟವೆಲ್ ಹಾಕುವ ಕಂಬಿ ಹಿಡಿಕೆ ಅಲ್ಲ, ಭಾರ ಬಿದ್ದರೆ ಕಿತ್ತು ಬರುತ್ತದೆ. ಕಮೋಡಿನ ಪಕ್ಕ ಗೋಡೆಗೆ ಬೋಲ್ಟ್ ಹಾಕಿದ ಸ್ಟೀಲ್ ಹಿಡಿಕೆ ಹಾಕಿಸಿ. ಜಾರುವ ಕಾಲೊರಸು ಇವತ್ತೇ ಎತ್ತಿ ಆಚೆ ಹಾಕಿ. ಹಾಸಿಗೆಯಿಂದ ಬಚ್ಚಲ ತನಕ ರಾತ್ರಿ ಸಣ್ಣ ದೀಪ ಇರಲಿ. ರಾತ್ರಿ ಎಚ್ಚರವಾದ ತಕ್ಷಣ ಎದ್ದು ಓಡಬಾರದು, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಪಾದ ಆಡಿಸಿ ಏಳಬೇಕು. ದಿಢೀರ್ ಎದ್ದಾಗ ಬಿಪಿ ಇಳಿದು ತಲೆ ತಿರುಗುವುದು ಈ ವಯಸ್ಸಿನಲ್ಲಿ ಸಾಮಾನ್ಯ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಹಾಗೆ ಪದೇ ಪದೇ ಆದರೆ ಡಾಕ್ಟರಿಗೆ ಹೇಳಿ, ಮಾತ್ರೆ ನೀವೇ ನಿಲ್ಲಿಸಬೇಡಿ.

ತಟ್ಟೆಯಲ್ಲಿ ಏನಿದೆ ನೋಡಿ

ಮೇಲಿನದೆಲ್ಲ ಮಾಡಿಯೂ ಎರಡು ತಿಂಗಳಿಗೆ ಅಮ್ಮ ಕುರ್ಚಿ ಪರೀಕ್ಷೆಯಲ್ಲಿ 8ಕ್ಕೆ ನಿಂತುಬಿಟ್ಟಳು. ಫಿಸಿಯೋ ಊಟದ ಬಗ್ಗೆ ಕೇಳಿದರು. ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ಸಾರು ಮಜ್ಜಿಗೆ, ರಾತ್ರಿ ಮತ್ತೆ ಅದೇ. ಬೇಳೆ ಸಾರಲ್ವಾ ಅಂದೆ. ಆ ದಿನ ಬಡಿಸುವಾಗ ಸರಿಯಾಗಿ ನೋಡಿದೆ. ಅಮ್ಮ ಸೌಟನ್ನು ಮೇಲೆ ಮೇಲೆ ಆಡಿಸಿ ತಿಳಿ ಮಾತ್ರ ಹಾಕಿಕೊಳ್ಳುತ್ತಾಳೆ. ಬೇಳೆಯೆಲ್ಲ ಪಾತ್ರೆಯ ತಳದಲ್ಲಿ, ನಮಗೆ. ಐವತ್ತು ವರ್ಷದ ಅಭ್ಯಾಸ ಅದು, ಗಟ್ಟಿಯಾದದ್ದು ಗಂಡಸರಿಗೆ, ಮಕ್ಕಳಿಗೆ.

ವಯಸ್ಸಾದವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. 55 ಕೆ.ಜಿ. ಇದ್ದರೆ 55ರಿಂದ 66 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7ರ ಹತ್ತಿರ. ಅನ್ನದಲ್ಲಿ, ಇಡ್ಲಿಯಲ್ಲಿ ಇರುವುದು ಸೇರಿಸಿದರೂ ತಿಳಿಸಾರಿನ ಊಟ ಅರ್ಧ ದಾರಿಗೂ ಬರುವುದಿಲ್ಲ. ನಾವು ಮಾಡಿದ್ದು ಇಷ್ಟೇ: ಅಮ್ಮನಿಗೆ ಸಾರು ನಾನು ಬಡಿಸುತ್ತೇನೆ, ತಳದಿಂದ ಕಲಕಿ. ಮಧ್ಯಾಹ್ನ ಮೊಳಕೆ ಹೆಸರುಕಾಳಿನ ಉಸಲಿ ಅಥವಾ ಹುರಳಿಕಾಳಿನ ಪಲ್ಯ. ಸಂಜೆ ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಯಿ, ಹಲ್ಲಿಗೆ ಅದು ಮೆತ್ತಗೆ. ರಾತ್ರಿ ಮೊಸರು ಒಂದು ಬಟ್ಟಲು ಪೂರ್ತಿ. ಮಾವನವರಿಗೆ ಮೊಟ್ಟೆ ಆಗುತ್ತದೆ, ಅವರದು ಸುಲಭ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಪಾದ ಜೋಮು ಹಿಡಿಯುತ್ತದೆ, ನೆಲ ಹತ್ತಿಯ ಹಾಗೆ ಅನ್ನಿಸುತ್ತದೆ ಅಂದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಅದು ಕಡಿಮೆಯಾಗುವುದು ಮಾಮೂಲು. ಇನ್ನು ನೀರು. ಪದೇ ಪದೇ ಬಚ್ಚಲಿಗೆ ಹೋಗಬೇಕಲ್ಲ ಅಂತ ನೀರೇ ಕುಡಿಯದವರು ಬಹಳ. ಸಂಜೆ ಆರರ ಒಳಗೆ ಜಾಸ್ತಿ ಕುಡಿದು, ಆಮೇಲೆ ಕಡಿಮೆ ಮಾಡಿದರೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ.

ದೂರ ಇರುವ ಮಕ್ಕಳಿಗೆ ಒಂದು ಮಾತು. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಫೋನಿನಲ್ಲಿ "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಅಂತ ಕೇಳುವುದನ್ನು ಬಿಟ್ಟು, ಭಾನುವಾರ ನಮ್ಮ ಬೆಳಗಿನ ಏಳಕ್ಕೆ ವಿಡಿಯೋ ಕಾಲ್ ಹಾಕಿ ಆ ಕಡೆ ತಾನೂ ಒಂದು ಕುರ್ಚಿ ಇಟ್ಟುಕೊಂಡು ಕೂರುತ್ತಾನೆ. ಚಿಕ್ಕಪ್ಪ ಎಣಿಸುತ್ತಾರೆ, ಇಬ್ಬರೂ ಏಳುತ್ತಾರೆ. "ಪೂರ್ತಿ ನಿಲ್ಲಲಿಲ್ಲ ನೀನು, ಅದು ಲೆಕ್ಕಕ್ಕಿಲ್ಲ" ಅಂತ ಮಗನಿಗೇ ಬೈಗುಳ.

ಕಾಯಿಲೆ ಬಿದ್ದಾಗ ಏನು ಮಾಡುವುದು ಅನ್ನುವುದು ನಮಗೆ ಹೋದ ತಿಂಗಳಷ್ಟೇ ಗೊತ್ತಾದದ್ದು. ಅಮ್ಮ 11ಕ್ಕೆ ಮುಟ್ಟಿದ್ದಳು. ಜ್ವರ ಬಂದು ಎಂಟು ದಿನ ಮಲಗಿದಳು, ಎದ್ದ ಮೇಲೆ ನೋಡಿದರೆ 7. ಅವಳಿಗೆ ಅಳುವೇ ಬಂತು. ಜ್ವರ ಇದ್ದಾಗ ವ್ಯಾಯಾಮ ಬೇಡ, ಆದರೆ ಕಾಫಿಗೆ, ಊಟಕ್ಕೆ ಎಬ್ಬಿಸಿ ಕುರ್ಚಿಗೆ ಕರೆತಂದು ಕೂರಿಸಬೇಕಿತ್ತು, ನಾವು ಎಲ್ಲ ಹಾಸಿಗೆಗೇ ಕೊಟ್ಟುಬಿಟ್ಟೆವು. ಹಳೆಯ ಚಾಳಿ. ಜ್ವರ ಬಿಟ್ಟು ಎರಡು ದಿನಕ್ಕೆ ಮತ್ತೆ ಕಂಬಳಿ ಮಡಚಿ ಹಾಕಿ ಮೂರು ಮೂರರಿಂದ ಶುರು ಮಾಡಿದೆವು. ಹೋದ ವಾರ 9 ಆಯಿತು. ಕಂಬಳಿ ಇನ್ನೂ ಕುರ್ಚಿಯ ಮೇಲೇ ಇದೆ, ಒಂದೇ ಮಡಿಕೆ.